ಬಳ್ಳಾರಿಯಲ್ಲಿ ಸ್ಪ್ಯಾನಿಶ್ ಕ್ಲಾಸ್: ಕ್ರಿಯಾಪದ ಕಲಿಯಬೇಕಾದರೆ ಖಂಡಿತ ಹೋಗಿ

ಗಾಂಧಿನಗರದ ಕಡೆ ಸಂಜೆ ನಡೆಯುವ ಈ ಸ್ಪ್ಯಾನಿಶ್ ಕ್ಲಾಸ್ ನನಗೆ ತುಂಬಾ ಹಿಡಿಸಿತು. ಮೇಡಂ ಕ್ರಿಯಾಪದ ಹೇಳಿಕೊಡುವ ರೀತಿಯೇ ಬೇರೆ. ಸುಮ್ನೆ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಅನ್ನುವುದಿಲ್ಲ, ಕನ್ನಡದಿಂದಲೇ ಶುರು ಮಾಡುತ್ತಾರೆ. 'ಬರುತ್ತೇನೆ' ಅಂದರೆ ಸಾಕು, 'ನಾನು' ಬೇಕಿಲ್ಲ ಅಲ್ವಾ? ಸ್ಪ್ಯಾನಿಶ್‌ನ 'ಆಬ್ಲೊ', ಇಟಾಲಿಯನ್‌ನ 'ಪಾರ್ಲೊ' ಕೂಡ ಹಾಗೇ, ಮಾತಾಡುವುದು ನಾನೇ ಎಂದು ಕೊನೆಯ 'ಒ' ಹೇಳುತ್ತದೆ. ಫ್ರೆಂಚ್‌ನಲ್ಲಿ ಮಾತ್ರ ಇಂಥ ಎಷ್ಟೋ ಪ್ರತ್ಯಯಗಳು ಬರವಣಿಗೆಯಲ್ಲಿ ಉಳಿದು ಬಾಯಲ್ಲಿ ಸವೆದುಹೋಗಿವೆ, ಅಲ್ಲಿ ಸರ್ವನಾಮ ಬಿಡುವಂತಿಲ್ಲ.

ಭೂತಕಾಲದ ಪಾಠವಂತೂ ಬಹಳ ಚೆನ್ನಾಗಿತ್ತು. 'ಆಬ್ಲೆ' ಅಂದರೆ ಮಾತಾಡಿದೆ, ಕೆಲಸ ಮುಗಿಯಿತು. 'ಆಬ್ಲಾಬಾ' ಅಂದರೆ ಮಾತಾಡುತ್ತಿದ್ದೆ. ಈ ವ್ಯತ್ಯಾಸ ನಮಗೆ ಹುಟ್ಟಿನಿಂದಲೇ ಗೊತ್ತು, ಇಂಗ್ಲಿಷ್ ಮೂಲಕ ಸುತ್ತಿ ಬರುವ ಅಗತ್ಯವೇ ಇಲ್ಲ. ಭವಿಷ್ಯತ್ಕಾಲ ಹುಟ್ಟಿದ ಕತೆಯನ್ನೂ ಹೇಳಿದರು. ಈ ಭಾಷೆಗಳಿಗೆಲ್ಲ ತಾಯಿಯಾದ ಲ್ಯಾಟಿನ್‌ನಲ್ಲಿ 'ಕಾಂತಾರೆ ಹಾಬೆಯೊ' ಅಂದರೆ ಹಾಡಲಿಕ್ಕಿದೆ ಎಂಬಂಥ ಮಾತು. ಅವೆರಡೂ ಬೆಸೆದುಕೊಂಡು ಸ್ಪ್ಯಾನಿಶ್‌ನಲ್ಲಿ 'ಕಾಂತಾರೆ', ಇಟಾಲಿಯನ್‌ನಲ್ಲಿ 'ಕಾಂತೆರೊ' ಆಗಿವೆ. ಇಷ್ಟು ತಿಳಿದ ಮೇಲೆ ಆ ರೂಪಗಳು ಮರೆಯುವುದೇ ಇಲ್ಲ.

ಕೊರತೆಯೂ ಇದೆ. ಆಸೆ, ಅನುಮಾನ ಹೇಳುವ ಸಬ್‌ಜಂಕ್ಟಿವ್ ಪಾಠವನ್ನು ಓಡಿಸಿಬಿಟ್ಟರು. ಅದೇ ಕಷ್ಟದ ಜಾಗ, ಅಲ್ಲೇ ನಿಲ್ಲಬೇಕಿತ್ತು. ಪೋರ್ಚುಗೀಸ್‌ನಲ್ಲಿ ಭವಿಷ್ಯತ್ತಿಗೂ ಬೇರೆ ಸಬ್‌ಜಂಕ್ಟಿವ್ ಇದೆ, ಜನ ದಿನಾ ಬಳಸುತ್ತಾರೆ; ಅದನ್ನು ಒಂದೇ ಮಾತಿನಲ್ಲಿ ಮುಗಿಸಿದರು. ಜೆರಾಕ್ಸ್ ನೋಟ್ಸ್ ಮಸುಕು, ಅಕ್ಷರದ ಮೇಲಿನ ಗೆರೆ ಕಾಣದಿದ್ದರೆ ಕಾಲವೇ ಬದಲಾಗಿಬಿಡುತ್ತದೆ. ಬ್ಯಾಚ್‌ನಲ್ಲಿ ಜನ ಜಾಸ್ತಿ, ಬೇಗ ಹೋಗಿ ಮುಂದೆ ಕೂತುಕೊಳ್ಳಿ.