ಸೆಕೆಂಡ್ ಹ್ಯಾಂಡ್ ರೇಸ್ ಸ್ಕಿ ಬೂಟು ತಗೊಳ್ಳುವವರೇ, ಮೊದಲು ಸ್ಟಿಕ್ಕರ್ ಕಿತ್ತು ನೋಡಿ

ಸ್ವಿಟ್ಜರ್ಲೆಂಡಿನಲ್ಲಿರುವ ನಮ್ಮ ಕನ್ನಡದವರಲ್ಲಿ ಸ್ಕಿ ಕಟ್ಟಿಕೊಂಡು ಬೆಟ್ಟ ಹತ್ತುವ ಹುಚ್ಚು ಹಿಡಿದವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ರೇಸಿನ ಹಗುರ ಸಾಮಾನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಳ್ಳೋಣ ಅಂತಿದ್ದರೆ ಇವತ್ತೇ ಓದಿ. ನನ್ನ 1,150 ಫ್ರಾಂಕ್ ಹೋಯಿತು. ಹೋಗಲಿ. ಬಲಗೈ ಮಣಿಕಟ್ಟು ಇನ್ನೂ ನೋಯುತ್ತಿದೆ. ಅದೂ ಹೋಗಲಿ. ಬೂಟು ಮಾರಿದ ಮನುಷ್ಯ ನನ್ನ ಮುಖ ನೋಡಿಕೊಂಡೇ ನಗುನಗುತ್ತಾ ಮೋಸ ಮಾಡಿದ, ನಾನು ಅವನಿಗೆ ಎರಡೆರಡು ಸಲ ಥ್ಯಾಂಕ್ಸ್ ಹೇಳಿ ಬಂದೆ. ಅದು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಕಿ ಮೌಂಟೆನಿಯರಿಂಗ್ ರೇಸಿನಲ್ಲಿ ಲಿಫ್ಟ್ ಇಲ್ಲ. ಸ್ಕಿಯ ತಳಕ್ಕೆ ಸ್ಕಿನ್ ಅಂಟಿಸಿಕೊಂಡು ನಮ್ಮ ಕಾಲಿನ ಶಕ್ತಿಯಲ್ಲೇ ಹತ್ತಬೇಕು. ಸ್ಕಿನ್ ಅಂದರೆ ಮೊಹೇರ್ ಕೂದಲಿನ ಪಟ್ಟಿ. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಮೇಲೆ ಮುಟ್ಟಿದ ಮೇಲೆ ಅದನ್ನು ಒಂದೇ ಎಳೆತಕ್ಕೆ ಕಿತ್ತು ಅಂಗಿಯೊಳಗೆ ತುರುಕಿ, ಬೂಟಿನ ಲಿವರ್ ಹಾಕಿ, ಕೆಳಗೆ ಇಳಿಯಬೇಕು. ಹತ್ತುವಾಗ ಬೂಟಿನ ಮೇಲ್ಭಾಗ, ಅಂದರೆ ಕಫ್, ಹಿಂದಕ್ಕೂ ಮುಂದಕ್ಕೂ ಸಲೀಸಾಗಿ ಆಡಬೇಕು. ಇಳಿಯುವಾಗ ಲಿವರ್ ಹಾಕಿದರೆ ಅದೇ ಕಫ್ ಕಲ್ಲಿನ ಹಾಗೆ ನಿಲ್ಲಬೇಕು. ಸಾಧಾರಣ ಸ್ಕಿ ಬೂಟು ಒಂದೊಂದೂ ಎರಡು ಕೆಜಿ ಹತ್ತಿರ ಇರುತ್ತದೆ. ಕಾರ್ಬನ್ನಿನ ರೇಸ್ ಬೂಟು 600 ಗ್ರಾಂ ಆಸುಪಾಸು. ಗ್ರಾಂ ಲೆಕ್ಕದ ಆಟ ಇದು. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನಿರುವುದು ಲೋಜಾನ್‌ನಲ್ಲಿ. ಆಫೀಸಿನ ಇಬ್ಬರು ಗೆಳೆಯರ ಜೊತೆ ಸೇರಿ ಪತ್ರುಯ್ ದೆ ಗ್ಲಾಸಿಯೆಗೆ ಹೋಗಬೇಕು ಅನ್ನುವುದು ಕನಸು. ಸ್ವಿಸ್ ಸೈನ್ಯ ನಡೆಸುವ ರೇಸು. ಮೂವರ ತಂಡ. ದೊಡ್ಡ ದಾರಿ ಜೆರ್ಮಾಟ್‌ನಿಂದ ವೆರ್ಬಿಯೆವರೆಗೆ 57.5 ಕಿಲೋಮೀಟರ್. ನಮ್ಮದು ಅರೋಲಾದಿಂದ ಹೊರಡುವ ಚಿಕ್ಕ ದಾರಿ. ಅದಕ್ಕೇ ನನಗೆ ಹಗುರ ಸಾಮಾನು ಬೇಕಿತ್ತು. ಹೊಸದು ತಗೊಂಡರೆ ಬೂಟಿಗೇ ಸಾವಿರ ಫ್ರಾಂಕ್ ದಾಟುತ್ತದೆ. ಸ್ಕಿ, ಬೂಟನ್ನು ಸ್ಕಿಗೆ ಹಿಡಿಸುವ ಬೈಂಡಿಂಗ್, ಸ್ಕಿನ್ ಎಲ್ಲ ಸೇರಿದರೆ ಮನೆಯಲ್ಲಿ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಈ ಆಟ ಮಿಲಾನ್-ಕೊರ್ಟಿನಾ 2026ರ ಒಲಿಂಪಿಕ್ಸ್‌ಗೆ ಸೇರಿದ ಮೇಲಂತೂ ಕೇಳುವವರು ಜಾಸ್ತಿ ಆಗಿದ್ದಾರೆ. ಆ ಭರವೇ ನನಗೂ ಇತ್ತು. ಇನ್ನೊಬ್ಬರು ಎತ್ತಿಕೊಂಡು ಹೋಗಿಬಿಡುತ್ತಾರೆ ಅನ್ನುವ ಭಯ.

ಮಾರುವವನ ಜಾಹೀರಾತಿನಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಬೂಟು, ಸ್ಕಿ, ಕೂರಿಸಿದ ಬೈಂಡಿಂಗ್, ಎರಡು ಜೊತೆ ಸ್ಕಿನ್. 'ನಾನೇ ಮೊದಲ ಮಾಲೀಕ, ನಾಲ್ಕು ರೇಸ್ ಮಾತ್ರ ಓಡಿದ್ದು' ಅಂತ ಬರೆದಿದ್ದ. ಸಿಯೋನ್ ರೈಲ್ವೆ ಸ್ಟೇಷನ್ನಿನ ಪಾರ್ಕಿಂಗ್‌ನಲ್ಲಿ ಸಿಗೋಣ ಅಂದ. ಸಂಜೆ ಆರು ಗಂಟೆ, ಜನವರಿ, ಕತ್ತಲು. ನನ್ನನ್ನು ನೋಡಿದ ತಕ್ಷಣ ಏಕವಚನದಲ್ಲಿ ಶುರು ಮಾಡಿದ. ಫ್ರೆಂಚಿನಲ್ಲೂ ನಮ್ಮ ಹಾಗೇ ನೀನು-ನೀವು ಇದೆಯಲ್ಲ, ಬೆಟ್ಟದವರು ಬೇಗ ನೀನು ಅನ್ನುತ್ತಾರೆ. ನನಗೆ ಖುಷಿಯಾಯಿತು. ನಮ್ಮವನೇ ಅನ್ನಿಸಿತು. ತಾನು ಯಾವ ಯಾವ ರೇಸ್ ಓಡಿದೆ, ಪಿಯೆರಾ ಮೆಂತಾ ರೇಸಿನಲ್ಲಿ ನಾಲ್ಕು ದಿನ ಹೇಗಿರುತ್ತದೆ ಅಂತ ಹೇಳಿದ. ಹೇಳುತ್ತಲೇ ಬೂಟಿನ ಲಿವರ್ ಟಕ್ ಟಕ್ ಅಂತ ಹಾಕಿ ತೆಗೆದು ತೋರಿಸಿದ. ಬಲಗಾಲಿನ ಬೂಟಿನ ಮೇಲೆ, ಕಣಕಾಲಿನ ಹತ್ತಿರ, ಅಂಗೈಯಗಲದ ಒಂದು ಸ್ಟಿಕ್ಕರ್ ಇತ್ತು. ನೋಡಿದೆ. ರೇಸ್ ಓಡುವವರಲ್ಲವಾ, ಸ್ಪಾನ್ಸರ್‌ದಿರಬೇಕು ಅಂದುಕೊಂಡೆ. ಎಡಗಾಲಿನ ಬೂಟಿಗೆ ಯಾಕಿಲ್ಲ ಅಂತ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂತ ಈಗ ದಿನಾ ಕೇಳಿಕೊಳ್ಳುತ್ತೇನೆ. ಅವನಿಗೆ ರೈಲು ಹಿಡಿಯುವ ಅವಸರವಂತೆ. ಅಲ್ಲೇ ನಿಂತು ಟ್ವಿಂಟ್‌ನಲ್ಲಿ ದುಡ್ಡು ಹಾಕಿದೆ. ನಮ್ಮ ಯುಪಿಐ ಇದ್ದ ಹಾಗೆ, ಹೋಯಿತೆಂದರೆ ಹೋಯಿತು.

ಈಗ ಮುಖ್ಯವಾದ ಮಾತು. ಅವತ್ತು ರಾತ್ರಿಯೇ ನನಗೆ ಗೊತ್ತಾಗಬೇಕಿತ್ತು.

ಮನೆಗೆ ಬಂದು, ಹಿಟ್ಟು ತೂಗುವ ತಕ್ಕಡಿಯ ಮೇಲೆ ಬೂಟು ಇಟ್ಟೆ. ಎಡಗಡೆಯದು 612 ಗ್ರಾಂ. ಬಲಗಡೆಯದು 655. ಮತ್ತೆ ಇಟ್ಟೆ. ಅದೇ. ಒಳಗಿನ ಮೆತ್ತೆ ತೆಗೆದು ಇಟ್ಟೆ. ಆಗಲೂ 43 ಗ್ರಾಂ ವ್ಯತ್ಯಾಸ. ನನ್ನ ಹೆಂಡತಿ ಪಕ್ಕದಲ್ಲೇ ಇದ್ದಳು. 'ಒಂದೇ ಜೊತೆ ತಾನೇ, ಒಂದು ಯಾಕೆ ಭಾರ?' ಅಂದಳು. ಸ್ಕಿ ಬಗ್ಗೆ ಏನೂ ಗೊತ್ತಿಲ್ಲದವಳಿಗೆ ಬಂದ ಪ್ರಶ್ನೆ. ಅವನಿಗೆ ಮೆಸೇಜ್ ಮಾಡಿದೆ. ಎರಡೇ ನಿಮಿಷದಲ್ಲಿ ಉತ್ತರ. 'ಇವು ಕೈಯಲ್ಲಿ ಮಾಡುವ ಬೂಟು ಗೆಳೆಯಾ, ಹೆಚ್ಚುಕಮ್ಮಿ ಇರುತ್ತದೆ. ಸ್ವಲ್ಪ ತೇವವೂ ಇರಬಹುದು. ಒಣಗಿಸು.' ನಾನು ಒಣಗಿಸಿದೆ! ಹೀಟರ್ ಪಕ್ಕ ಇಟ್ಟು ರಾತ್ರಿಯಿಡೀ ಒಣಗಿಸಿದೆ. ಬೆಳಗ್ಗೆ ತೂಗಲಿಲ್ಲ. ತೂಗಿದ್ದರೆ ಆ ಉತ್ತರ ಸುಳ್ಳು ಅಂತ ಗೊತ್ತಾಗುತ್ತಿತ್ತು. ತೂಗಲು ನನಗೇ ಇಷ್ಟ ಇರಲಿಲ್ಲ ಅನ್ನಿಸುತ್ತದೆ. ಅವನಿಗೆ ಎರಡನೇ ಸಲ ಥ್ಯಾಂಕ್ಸ್ ಹೇಳಿದ್ದು ಆ ಮೆಸೇಜಿಗೇ.

ಮುಂದಿನ ಶನಿವಾರ ಮೂವರೂ ವಾಲೈ ಕಡೆ ಪ್ರಾಕ್ಟೀಸಿಗೆ ಹೋದೆವು. 700 ಮೀಟರ್ ಹತ್ತಿದೆವು. ಆ ಹತ್ತುವ ಸುಖ ಏನು ಹೇಳಲಿ, ಕಾಲಿಗೆ ಏನೂ ಕಟ್ಟಿಲ್ಲ ಅನ್ನುವ ಹಾಗಿತ್ತು. ಮೇಲೆ ಸ್ಕಿನ್ ಕಿತ್ತೆ, ಲಿವರ್ ಹಾಕಿದೆ, ಟಕ್ ಅಂತು. ಮೂರನೇ ತಿರುವಿನಲ್ಲಿ ಬಲಗಾಲಿನ ಮೇಲೆ ಭಾರ ಹಾಕಿದಾಗ ಕಫ್ ಪಕ್ಕಕ್ಕೆ ವಾಲಿಬಿಟ್ಟಿತು. ಲಿವರ್ ಹಾಕಿದ ಹಾಗೇ ಇದೆ, ಕಫ್ ಮಾತ್ರ ಕೀಲಿನಿಂದ ಹರಿದು ಬಂದಿದೆ. ನಾನು ಮುಖ ಅಡಿಯಾಗಿ ಹೋಗಿ ಬಿದ್ದೆ. ಇಪ್ಪತ್ತು ಮೀಟರ್ ಜಾರಿದೆ. ಕೆಳಗೆ ಬಯಲಿತ್ತು, ಬದುಕಿದೆ. ನಮ್ಮ ಕನಸಿನ ರೇಸಿನ ದಾರಿಯಲ್ಲಿ ಹಿಮನದಿಗಳಿವೆ. 1949ರಲ್ಲಿ ಅದೇ ರೇಸಿನಲ್ಲಿ ಮೂವರು ಬಿರುಕಿಗೆ ಬಿದ್ದು ತೀರಿಕೊಂಡರು. ಆಮೇಲೆ 1984ರವರೆಗೆ ರೇಸನ್ನೇ ನಡೆಸಲಿಲ್ಲ. ಅಂಥ ಕಡೆ, ಮೂವರು ಒಂದೇ ಹಗ್ಗದಲ್ಲಿರುವಾಗ ಇದು ಆಗಿದ್ದರೆ? ನನ್ನ ಜೊತೆ ಇನ್ನಿಬ್ಬರು. ಆ ಯೋಚನೆ ಬಂದಾಗೆಲ್ಲ ಕೈ ನಡುಗುತ್ತದೆ.

ಸೋಮವಾರ ಬೂಟನ್ನು ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿದ್ದ ಹೆಂಗಸು ಮೊದಲು ಒಂದು ನಾಣ್ಯ ತಗೊಂಡು ಎಡಗಡೆಯ ಬೂಟಿಗೆ ಬಡಿದರು. ಟಣ್ ಟಣ್ ಅಂತು. ಬಲಗಡೆ, ಸ್ಟಿಕ್ಕರ್ ಮೇಲೆ ಬಡಿದರು. ದಪ್ ದಪ್. ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಬಿಸಿಗಾಳಿ ಬಿಟ್ಟು ಸ್ಟಿಕ್ಕರ್ ಎಬ್ಬಿಸಿದರು. ಕೆಳಗೆ ಕಪ್ಪು ಬಣ್ಣ. ಬಣ್ಣ ಕೆರೆದರೆ ಹಳದಿಯಾಗಿ ಗಟ್ಟಿಯಾದ ಎಪಾಕ್ಸಿ, ನಮ್ಮ ಅರಾಲ್ಡೈಟ್ ಇರುತ್ತದಲ್ಲ ಹಾಗೆ. ಅದರ ಕೆಳಗೆ ಕೀಲಿನ ತೂತಿನಿಂದ ಮೇಲಕ್ಕೆ ಬೆರಳುದ್ದದ ಬಿರುಕು. ಉಪ್ಪುಕಾಗದ ಹಾಕಿ ನಯ ಮಾಡಿದ್ದಾರೆ. 'ಇಷ್ಟು ಅಂಟು ಹಾಕಿದರೆ ನಲವತ್ತು ಗ್ರಾಂ ಬರುತ್ತದೆ' ಅಂದರು. ನಾನು ತೂಕದ ಮಾತೇ ಎತ್ತಿರಲಿಲ್ಲ. ಅವರಾಗಿಯೇ ಅಂದರು. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ನಾಚಿಕೆಯಿಂದ ತಲೆ ತಗ್ಗಿಸಿ ನಿಂತೆ.

ಫೋಟೊ ಕಳಿಸಿದೆ ಅವನಿಗೆ. ಈಗ ಉತ್ತರಕ್ಕೆ ಎರಡು ದಿನ ಬೇಕಾಯಿತು. ಏಕವಚನ ಹೋಗಿ ಬಹುವಚನ ಬಂದಿತ್ತು. 'ನೀವು ಬಿದ್ದಿದ್ದರಿಂದ ಒಡೆದಿದೆ. ರೇಸ್ ಬೂಟು ಟ್ರ್ಯಾಕ್ಟರ್ ಅಲ್ಲ.' ಬಿದ್ದಮೇಲೆ ಒಡೆದಿದ್ದರೆ ಒಳಗೆ ಹಳೆಯ ಅಂಟು, ಅದರ ಮೇಲೆ ಬಣ್ಣ, ಅದರ ಮೇಲೆ ಸ್ಟಿಕ್ಕರ್ ಹೇಗೆ ಬಂತು ಅಂತ ಕೇಳಿದೆ. 'ಅದು ಹಿಂದಿನ ಮಾಲೀಕರು ಮಾಡಿಸಿದ್ದಿರಬಹುದು.' ಹಿಂದಿನ ಮಾಲೀಕ! ಮೊದಲ ಮಾಲೀಕ ನಾನೇ ಅಂತ ಬರೆದವನು ಇವನೇ. ಅದನ್ನೂ ಅವನ ಜಾಹೀರಾತಿನ ಫೋಟೊ ಸಮೇತ ಕಳಿಸಿದೆ. 'ನೀವು ಕಣ್ಣಾರೆ ನೋಡಿ ತಗೊಂಡಿದ್ದೀರಿ. ವ್ಯವಹಾರ ಮುಗಿದಿದೆ.' ಆಮೇಲೆ ಇನ್ನೊಂದು. 'ಇಷ್ಟು ಹಗುರದ ಸಾಮಾನು ಕಲಿಯುವವರಿಗಲ್ಲ.' ದುಡ್ಡಿಗಿಂತ ಜಾಸ್ತಿ ಉರಿದದ್ದು ಈ ಮಾತಿಗೆ. ಪಾರ್ಕಿಂಗ್‌ನಲ್ಲಿ ನನ್ನ ಭುಜ ತಟ್ಟಿ 'ನಿನಗೆ ಹೇಳಿ ಮಾಡಿಸಿದ ಬೂಟು' ಅಂದವನು ಇವನು. ಅದಾದ ಮೇಲೆ ನನ್ನ ನಂಬರ್ ಬ್ಲಾಕ್.

ಸ್ವಿಸ್ ಕಾಯ್ದೆಯಲ್ಲಿ ದಾರಿ ಇಲ್ಲ ಅಂತಲ್ಲ. ಖಾಸಗಿಯಾಗಿ ಮಾರುವವರು 'ಗ್ಯಾರಂಟಿ ಇಲ್ಲ' ಅಂತ ಷರತ್ತು ಹಾಕಬಹುದು. ಆದರೆ ದೋಷವನ್ನು ಬೇಕಂತಲೇ ಮುಚ್ಚಿಟ್ಟಿದ್ದರೆ ಆ ಷರತ್ತು ನಿಲ್ಲುವುದಿಲ್ಲ. ದೋಷ ಕಂಡ ತಕ್ಷಣ ಮಾರಿದವರಿಗೆ ತಿಳಿಸಬೇಕು, ತಡ ಮಾಡಬಾರದು. ನಾನು ರಿಜಿಸ್ಟರ್ಡ್ ಪತ್ರ ಹಾಕಿದ್ದೇನೆ. ಉತ್ತರ ಇಲ್ಲ. ಮುಚ್ಚಿಟ್ಟದ್ದು ಇವನೇ ಅಂತ ತೋರಿಸುವ ಹೊಣೆ ನನ್ನದು. ಅದಕ್ಕೆ ಆಗುವ ಖರ್ಚು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ನಷ್ಟ ಆಮೇಲೆ ಗೊತ್ತಾಯಿತು. ಬೂಟು ಹೋದರೆ ಸ್ಕಿ ಆದರೂ ಉಳಿಯಿತಲ್ಲ ಅಂದುಕೊಂಡಿದ್ದೆ. ಉಳಿಯಲಿಲ್ಲ. ಇದರಲ್ಲಿರುವಂಥ ರೇಸ್ ಬೈಂಡಿಂಗನ್ನು ತೂಕ ಉಳಿಸಲು ಹಿಂದೆ ಮುಂದೆ ಸರಿಸಲು ಬಾರದ ಹಾಗೆ ಮಾಡಿರುತ್ತಾರೆ. ಆ ಬೂಟಿನ ಅಟ್ಟೆಯ ಉದ್ದಕ್ಕೆ ಸರಿಯಾಗಿ ತೂತು ಹೊಡೆದು ಕೂರಿಸಿರುತ್ತಾರೆ. ಬೇರೆ ಬೂಟು ತಂದರೆ ಮತ್ತೆ ತೂತು ಹೊಡೆಯಬೇಕು. ಬೈಂಡಿಂಗ್ ಬಿಚ್ಚಿ ನೋಡಿದರೆ ಕೆಳಗೆ ಆಗಲೇ ಎರಡು ಹಳೆಯ ತೂತುಗಳ ಸಾಲು, ಮುಚ್ಚಿದ್ದಾರೆ. ಇನ್ನೊಂದು ಸಲ ತಾನು ಹೊಡೆಯುವುದಿಲ್ಲ ಅಂದರು ಅಂಗಡಿಯವರು.

ಏನು ಮಾಡಬೇಕು ಅಂತ ಕೇಳಿದರೆ, ತಕ್ಕಡಿ ತಗೊಂಡು ಹೋಗಿ. ಎರಡು ಬೂಟನ್ನೂ ಬೇರೆ ಬೇರೆ ತೂಗಿ. ಐದಾರು ಗ್ರಾಂ ಬಿಡಿ, ನಲವತ್ತು ಗ್ರಾಂ ವ್ಯತ್ಯಾಸ ಬಂದರೆ ಮಾತೇ ಆಡದೆ ವಾಪಸ್ ಬನ್ನಿ. ನಾಣ್ಯದಲ್ಲಿ ಬಡಿದು ನೋಡಿ. ಸ್ಟಿಕ್ಕರ್ ಇದ್ದರೆ ಕೀಳುತ್ತೇನೆ ಅನ್ನಿ, ಬೇಡ ಅಂದರೆ ತಗೊಳ್ಳಬೇಡಿ. ಹಗಲು ಹೊತ್ತಿನಲ್ಲಿ ನೋಡಿ. ರೈಲಿಗೆ ಹೊತ್ತಾಯಿತು ಅನ್ನುವವನು ರೈಲು ಹಿಡಿಯಲಿ ಬಿಡಿ.

ಇಷ್ಟು ದಿನ ಮರ್ಯಾದೆಗೆ ಅಂಜಿ ಸುಮ್ಮನಿದ್ದೆ. ಇವತ್ತು ಬರೆಯಲು ಕಾರಣ ಇದೆ. ನಿನ್ನೆ ರಾತ್ರಿ ಅದೇ ಜಾಗದಲ್ಲಿ ಅವನ ಇನ್ನೊಂದು ಜಾಹೀರಾತು ಕಂಡಿತು. ಬೇರೆ ಸೈಜು, ಬೇರೆ ಬಣ್ಣದ ಬೂಟು. 'ಮೊದಲ ಮಾಲೀಕ, ನಾಲ್ಕು ರೇಸ್.' ಈ ಸಲ ಎಡಗಾಲಿನ ಬೂಟಿನ ಮೇಲೆ, ಕಣಕಾಲಿನ ಹತ್ತಿರ, ಅದೇ ಅಂಗೈಯಗಲದ ಸ್ಟಿಕ್ಕರ್. ನನ್ನ ಹೆಂಡತಿಯ ನಂಬರಿನಿಂದ ಒಂದೇ ಪ್ರಶ್ನೆ ಕಳಿಸಿದೆವು. ಎಡದ್ದು ಎಷ್ಟು ಗ್ರಾಂ, ಬಲದ್ದು ಎಷ್ಟು?

ಈಗ ತಾನೇ ಉತ್ತರ ಬಂತು. 'ತೂಗಿ ನೋಡಿಲ್ಲ.'