ಬೆಣ್ಣೆ ನಾನು, 50 ರೂಪಾಯಿ

ರಾಯಚೂರಿನ ತೀನ್ ಕಂದೀಲಿನಿಂದ ನಡೆದೇ ಹೋಗಬಹುದಾದ ಈ ಫ್ಯಾಮಿಲಿ ರೆಸ್ಟೋರೆಂಟಿಗೆ ಕಳೆದ ಭಾನುವಾರ ರಾತ್ರಿ ನಾವು ನಾಲ್ವರು ಊಟಕ್ಕೆ ಹೋಗಿದ್ದೆವು. ಊಟಕ್ಕಿಂತ ಮೊದಲು ಮೆನು ಕಾರ್ಡಿನ ಬಗ್ಗೆ ಹೇಳಬೇಕು, ಏಕೆಂದರೆ ಅದರ ಕನ್ನಡ ಪುಟದಲ್ಲಿ 'ಸಾದಾ ನಾನು 35, ಬೆಣ್ಣೆ ನಾನು 50, ಬೆಳ್ಳುಳ್ಳಿ ನಾನು 60' ಎಂದು ಅಚ್ಚಾಗಿದೆ. ಅದರ ಕೆಳಗೆ, 'ನಾನ್‌ವೆಜ್' ಎಂಬ ತಲೆಬರಹದಡಿ, 'ಖೀಮಾ ನಾನು 120' ಎಂದಿದೆ.

ನಗು ತಣಿದ ಮೇಲೆ ನೋಡಿದರೆ, ಒಂದಕ್ಕೊಂದು ನಂಟೇ ಇಲ್ಲದ ಮೂರು ಪದಗಳು ಒಂದೇ ವೇಷದಲ್ಲಿ ಆ ಪುಟದ ಮೇಲೆ ಕುಳಿತಿದ್ದವು. ನಮ್ಮ 'ನಾನು' ದ್ರಾವಿಡ ಮೂಲದ್ದು. ಹಳಗನ್ನಡದಲ್ಲಿ 'ಆನ್' ಎಂದೂ 'ನಾನ್' ಎಂದೂ ಇದ್ದ ಈ ಪದವನ್ನು ತಮಿಳರು ಇಂದಿಗೂ 'ನಾನ್' ಎಂದೇ ನುಡಿಯುತ್ತಾರೆ, ತೆಲುಗಿನ 'ನೇನು' ಇದರ ಒಡಹುಟ್ಟು. 'ನಾನ್‌ವೆಜ್'ನೊಳಗಿನ 'ನಾನ್' ಲ್ಯಾಟಿನ್ನಿನಲ್ಲಿ 'ಅಲ್ಲ' ಎನ್ನುವ ಪದ; ಫ್ರೆಂಚನ್ನೂ ಇಂಗ್ಲಿಷನ್ನೂ ಹಾದು ಬಂದ ಅದರ ಸ್ವರಕ್ಕೆ ನಮ್ಮ ವರ್ಣಮಾಲೆಯಲ್ಲಿ ಬೇರೆ ಅಕ್ಷರವಿಲ್ಲದ ಕಾರಣ 'ನಾ' ಎಂದು ಬರೆಸಿಕೊಂಡಿದೆ. ತಟ್ಟೆಗೆ ಬರುವ ನಾನ್ ಪಾರಸಿಯದು. ಇರಾನಿನಲ್ಲಿ ಅದು ಯಾವ ರೊಟ್ಟಿಗಾದರೂ ಸಲ್ಲುವ ಹೆಸರು. ಹುದುಗಿಸಿದ ಮೈದಾ ಹಿಟ್ಟಿನ ಈ ಒಂದು ಬಗೆಗೆ ಅದನ್ನು ಕಟ್ಟಿಹಾಕಿದವರು ನಾವು. ಆ ಪದದ ಪುರಾತನ ರೂಪ 'ನಗ್ನ' ಎಂದೇ ಇತ್ತೆಂದೂ, ಕೆಂಡದ ಬೂದಿಯಲ್ಲಿ ಹುಗಿಯದೆ ಬರಿಮೈಯಲ್ಲಿ ಬೇಯಿಸಿದ ರೊಟ್ಟಿಗೆ ಆ ಹೆಸರು ಬಂತೆಂದೂ ಭಾಷಾಪಂಡಿತರು ವಿವರಿಸುತ್ತಾರೆ. ಹಾಗೆಂದ ಮೇಲೆ ಸಂಸ್ಕೃತದ 'ನಗ್ನ'ವೂ ಅದೂ ಅಣ್ಣತಮ್ಮಂದಿರು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಊರಿನಲ್ಲಿ, ರೊಟ್ಟಿ ಸುಡುವವನನ್ನು 'ನಾನ್‌ಬಾಯಿ' ಎನ್ನುವ ಉರ್ದು ಬಲ್ಲವರಿಗೆ ಬರವಿಲ್ಲ. ಅಚ್ಚಿಗೆ ಕೊಡುವ ಮೊದಲು ಅವರಲ್ಲಿ ಒಬ್ಬರಿಗೆ ತೋರಿಸಬಹುದಿತ್ತು.

ಇನ್ನು ಊಟ. ಬಗಾರಾ ಬೈಂಗನ್ ನಿಜಕ್ಕೂ ಚೆನ್ನಾಗಿತ್ತು: ಎಳೆಯ ಬದನೆಕಾಯಿ ತೊಟ್ಟು ಬಿಡದೆ ಬೆಂದಿತ್ತು, ಎಳ್ಳು ಶೇಂಗಾದ ಮಸಾಲೆಯಲ್ಲಿ ಹುಣಸೆಯ ಹುಳಿ ಹದವಾಗಿತ್ತು, ಎಣ್ಣೆ ಮಾತ್ರ ಒಂದು ಚಮಚ ಹೆಚ್ಚೇ ತೇಲುತ್ತಿತ್ತು. ದಾಲ್ ಸಾಧಾರಣ. ಆದರೆ ಇವೆರಡೂ ಮೇಜಿಗೆ ಬಂದು, ಹಬೆ ಆರಿ, ಮೇಲೆ ಕೆನೆ ಕಟ್ಟಿದರೂ ನಾನ್ ಬರಲಿಲ್ಲ. ಇಡೀ ಹಾಲಿಗೆ ಇರುವುದು ಒಂದೇ ತಂದೂರಂತೆ, ನಾವು ಕಾದದ್ದು 35 ನಿಮಿಷ. ಥಾಯ್ ಭಾಷೆಯಲ್ಲಿ 'ನಾನ್' ಎಂದರೆ 'ಬಹಳ ಹೊತ್ತು' ಎಂದರ್ಥ. ಇವರು ಆ ಅರ್ಥವನ್ನೂ ಬಿಟ್ಟಿಲ್ಲ.

ಕೊನೆಗೆ ಸಪ್ಲೈಯರ್ ಹುಡುಗ ತಟ್ಟೆ ಹಿಡಿದು ಬಂದು, 'ನಾನ್ ಯಾರಿಗ್ರೀ?' ಎಂದು ಕೂಗಿದ. ಪಕ್ಕದ ಮೇಜಿನ ಹಿರಿಯರು ಕೈ ಎತ್ತಿ, 'ನಾನ್ ಹೇಳಿದ್ದು ನಾನ್ರೀ' ಎಂದರು. ತಟ್ಟೆ ಅವರ ಪಾಲಾಯಿತು. ನಮ್ಮದು ಇನ್ನೂ ಐದು ನಿಮಿಷಕ್ಕೆ ಬಂತು.

ಬಂದದ್ದು ಕಾದದ್ದಕ್ಕೆ ಮೋಸ ಮಾಡಲಿಲ್ಲ ಎಂಬುದನ್ನೂ ಹೇಳಬೇಕು. ಒಲೆಯ ಗೋಡೆಗೆ ಅಂಟಿದ್ದ ಬದಿ ಗರಿಯಾಗಿ, ಮೇಲ್ಬದಿಯ ಗುಳ್ಳೆಗಳು ಅಲ್ಲಲ್ಲಿ ಕಪ್ಪಾಗಿ ಸೀದು, ಹರಿದರೆ ಒಳಗಿನಿಂದ ಬಿಸಿ ಉಗಿ ಮುಖಕ್ಕೆ ಬರುತ್ತಿತ್ತು. ಬೆಣ್ಣೆಯನ್ನು ಬ್ರಶ್ಶಿನಿಂದ ಸವರಿ ಬಿಟ್ಟಿರಲಿಲ್ಲ, ತುಂಡನ್ನೇ ಇಟ್ಟಿದ್ದರು. ಆದರೆ ಈ ಸುಖಕ್ಕೆ ಏಳೆಂಟು ನಿಮಿಷದ ಆಯುಷ್ಯ, ಆರಿದ ಮೇಲೆ ಅದು ಚರ್ಮದ ಹಾಗೆ ಜಗ್ಗುತ್ತದೆ. ಆರಿದರೂ ಮುರಿದು ತಿನ್ನಬಹುದಾದ ನಮ್ಮ ಜೋಳದ ಕಟಿ ರೊಟ್ಟಿಯ ಗುಣ ಮೈದಾಕ್ಕೆ ಎಲ್ಲಿಂದ ಬರಬೇಕು?

ಬಿಲ್ಲು ಕೊಡುವಾಗ ಗಲ್ಲೆಯ ಮೇಲಿದ್ದವರಿಗೆ ಕಾರ್ಡಿನ ತಪ್ಪನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ, 'ಐನೂರು ಕಾರ್ಡ್ ಹೊಡೆಸೀವ್ರೀ, ಅವು ಹರಿಯೋತನಕ ಹಿಂಗೇ' ಎಂದರು. ಹೋಗುವವರು ರಾತ್ರಿ ಎಂಟರೊಳಗೆ ಹೋಗಿ, ನಾನ್ ಬಂದ ಮೇಲೆಯೇ ಪಲ್ಯ ತರಲು ಹೇಳಿ, ಒಮ್ಮೆಗೆ ತಲೆಗೊಂದರಂತೆ ಮಾತ್ರ ತರಿಸಿಕೊಳ್ಳುವುದು ಒಳ್ಳೆಯದು.