ಕುಶಾಲನಗರದ ನರ್ಸರಿಯ ನುಗ್ಗೆ ಸಸಿ: ಬಯಲಿಗೆ ಸರಿ, ಮಡಿಕೇರಿಗೆ ಯೋಚಿಸಿ ಕೊಳ್ಳಿ

ಕುಶಾಲನಗರದ ಹತ್ತಿರ ರಸ್ತೆ ಬದಿಯಲ್ಲಿರುವ ನರ್ಸರಿಯೊಂದರಿಂದ ಕಳೆದ ವರ್ಷ ಮೇ ತಿಂಗಳಲ್ಲಿ ಪಿಕೆಎಂ-1 ತಳಿಯ ಆರು ನುಗ್ಗೆ ಸಸಿಗಳನ್ನು ತಲಾ 40 ರೂಪಾಯಿಗೆ ಕೊಂಡು, ಮೂರನ್ನು ಮಡಿಕೇರಿಯ ನಮ್ಮ ಹಿತ್ತಿಲಿನಲ್ಲಿಯೂ ಮೂರನ್ನು ಕುಶಾಲನಗರದ ಅಕ್ಕನ ಮನೆಯಲ್ಲಿಯೂ ನೆಟ್ಟೆವು. ಎರಡು ಊರುಗಳ ನಡುವೆ ಸುಮಾರು 30 ಕಿಲೋಮೀಟರು ಮಾತ್ರ ಇದ್ದರೂ ಫಲಿತಾಂಶ ಅಜಗಜಾಂತರ.

ತಳಿಯ ವಿಷಯದಲ್ಲಿ ನರ್ಸರಿಯವರು ಮೋಸ ಮಾಡಿಲ್ಲ. ತಮಿಳುನಾಡಿನ ಪೆರಿಯಕುಳಂ ತೋಟಗಾರಿಕೆ ಕಾಲೇಜಿನಲ್ಲಿ ರೂಪುಗೊಂಡ ಈ ತಳಿ, ವರ್ಷದೊಳಗೇ ಕಾಯಿ ಬಿಡುತ್ತದೆಂಬ ಕಾರಣಕ್ಕೆ ಹೆಸರಾದುದು. ಗಿಡ ಎರಡೂವರೆ ಅಡಿ ಬೆಳೆದಾಗ ಕುಡಿ ಚಿವುಟಿದರೆ ಕವಲುಗಳು ಹೆಚ್ಚುತ್ತವೆಂದು ಅವರೇ ಹೇಳಿಕೊಟ್ಟಿದ್ದರು. ಅಕ್ಕ ಹಾಗೆಯೇ ಮಾಡಿದ್ದರಿಂದ ಜನವರಿಯಲ್ಲಿ ಹೂ ಬಂದು, ಮಾರ್ಚಿನಲ್ಲಿ ಎರಡಡಿ ಮೀರಿದ, ತಿರುಳು ತುಂಬಿದ ಕಾಯಿಗಳು ಸಿಕ್ಕಿದವು.

ನನ್ನ ಆಕ್ಷೇಪವಿರುವುದು "ಎಲ್ಲಿ ನೆಟ್ಟರೂ ಬರುತ್ತದೆ" ಎಂಬ ಅವರ ಮಾತಿನ ಬಗ್ಗೆ. ನುಗ್ಗೆಯ ತಾಯಿಬೇರು ಗೆಡ್ಡೆಯಂತೆ ದಪ್ಪವಾಗಿ ನೀರನ್ನು ಕೂಡಿಟ್ಟುಕೊಳ್ಳುವುದರಿಂದ ಅದು ಬರವನ್ನು ತಡೆದೀತೇ ಹೊರತು, ಬುಡದಲ್ಲಿ ನಿಂತ ನೀರನ್ನು ತಡೆಯದು; ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯವನೆಂದು ಹೇಳಿಕೊಂಡು ಕೊಂಡವನಿಗೆ ಈ ಒಂದು ಸಂಗತಿಯನ್ನು ತಿಳಿಸಬೇಕಿತ್ತು. ಕಕ್ಕಡದ (ಜುಲೈ-ಆಗಸ್ಟಿನಲ್ಲಿ ಬರುವ ಕೊಡವರ ತಿಂಗಳು) ಮಳೆಗೆ ಎರಡು ಸಸಿಗಳ ಬುಡ ಮೆತ್ತಗಾಗಿ ಕೊಳೆಯಿತು. ಕಿತ್ತು ನೋಡಿದರೆ, ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಬಹುಕಾಲ ಇದ್ದುದರಿಂದ ತಾಯಿಬೇರು ಸುರುಳಿ ಸುತ್ತಿಕೊಂಡು ಕೆಳಗಿಳಿದೇ ಇರಲಿಲ್ಲ. ಬರೆಯ (ಕಡಿದಾದ ಮಣ್ಣಿನ ಇಳಿಜಾರು) ಮೇಲಿನ ದಿಬ್ಬದಲ್ಲಿ ನೆಟ್ಟಿದ್ದ ಮೂರನೆಯದು ಮಾತ್ರ ಉಳಿಯಿತು.

ಆ ಮರ ಫೆಬ್ರವರಿಯ ಕೊನೆಗೆ ಕೆನೆಬಣ್ಣದ ಹೂಗೊಂಚಲುಗಳಿಂದ ತುಂಬಿತು. ಬೆಳಗಾದರೆ ಜೇನುನೊಣಗಳ ಸದ್ದು. ಅಷ್ಟರಲ್ಲಿ ಹೂಮಳೆ ಬಂತು. ಕಾಫಿಯ ಮೊಗ್ಗು ಅರಳಿಸುವ ಮಳೆಯೆಂದು ಇಡೀ ಜಿಲ್ಲೆ ಕಾದು ಸಂಭ್ರಮಿಸುವ ಆ ಮಳೆಯೇ ನುಗ್ಗೆಯ ಹೂವನ್ನು ನೆಲಕ್ಕೆ ಉದುರಿಸಿತು, ಕಾಯಿ ಸಿಕ್ಕಿದ್ದು ನಾಲ್ಕೇ. (ಉದುರಿದ ಹೂವನ್ನು ಆಗಲೇ ಆಯ್ದು ತೊಳೆದು, ಈರುಳ್ಳಿ ಮತ್ತು ಕಾಯಿತುರಿ ಹಾಕಿ ಪಲ್ಯ ಮಾಡಿದೆವು, ಅಕ್ಕಿ ರೊಟ್ಟಿಯ ಜೊತೆಗೆ ಅದರ ನವಿರಾದ ಕಹಿ ನನಗೆ ಕಾಯಿಯ ಸಾಂಬಾರಿಗಿಂತ ಹೆಚ್ಚು ಹಿಡಿಸಿತು.) ಸೊಪ್ಪಿಗೆ ಮಾತ್ರ ಕೊರತೆಯಿಲ್ಲ, ಆದ್ದರಿಂದ ಮಡಿಕೇರಿಯಲ್ಲಿ ಇದನ್ನು ಸೊಪ್ಪಿನ ಮರವೆಂದೇ ತಿಳಿದು ನೆಡುವುದು ಒಳ್ಳೆಯದು. ಕೊಂಬೆ ಬಹಳ ಪೆಳಸಾದುದರಿಂದ ಗಾಳಿಗೆ ಮುರಿಯುತ್ತದೆ, ವರ್ಷಕ್ಕೊಮ್ಮೆ ಎದೆಮಟ್ಟಕ್ಕೆ ಸವರಲೇಬೇಕು.

ಸತ್ತ ಸಸಿಗಳ ವಿಷಯ ಹೇಳಿದಾಗ ನರ್ಸರಿಯವರು ಬದಲಿ ಸಸಿ ಕೊಡಲಿಲ್ಲ, ಹಣವನ್ನೂ ಹಿಂತಿರುಗಿಸಲಿಲ್ಲ. ಆದರೆ ವಾದಕ್ಕೂ ಇಳಿಯದೆ ಒಂದು ಹಿಡಿ ಹೊಸ ಬೀಜವನ್ನು ಕಾಗದದಲ್ಲಿ ಕಟ್ಟಿಕೊಟ್ಟರು. ಮಳೆ ಹಿಂದೆ ಸರಿದ ಮೇಲೆ ಅವನ್ನು ದಿಬ್ಬದಲ್ಲಿಯೇ ನೇರವಾಗಿ ಬಿತ್ತುವವನಿದ್ದೇನೆ.